ನೀರು ಮುಟ್ಟದೆ ಕುಳಿತ ಮಧ್ಯಾಹ್ನಗಳು

ಯಲಬುರ್ಗಾದ ನಮ್ಮ ಮನೆಯಲ್ಲಿ ಬೆಳ್ಳಿಯ ಬಟ್ಟಲುಗಳು ಪಡಸಾಲೆಯ ಮಾಡದಲ್ಲಿ ಎಲ್ಲರ ಕಣ್ಣಿಗೆ ಬೀಳುವಂತೆ ಇರುತ್ತಿದ್ದವು. ಸಿಹಿನೀರಿನ ಕೊಡ ಮಾತ್ರ ಅಡುಗೆಮನೆಯ ಕತ್ತಲ ಮೂಲೆಯಲ್ಲಿ, ಬಾಯಿಗೆ ತಟ್ಟೆ ಮುಚ್ಚಿಸಿಕೊಂಡು, ತಟ್ಟೆಯ ಮೇಲೆ ಕಲ್ಲು ಹೇರಿಸಿಕೊಂಡು ಕೂತಿರುತ್ತಿತ್ತು. ಊರಿನ ಹೆಚ್ಚಿನ ಬಾವಿಗಳ ನೀರು ಸೌಳು, ಬಾಯಿಗಿಟ್ಟರೆ ಉಪ್ಪುಪ್ಪು. ಕುಡಿಯುವ ನೀರಿನ ಬಾವಿ ಊರ ಹೊರಗಿತ್ತು. ಅವ್ವ ಹೊತ್ತು ಮೂಡುವ ಮುಂಚೆ ತಲೆಯ ಮೇಲೊಂದು, ಸೊಂಟದಲ್ಲೊಂದು ಕೊಡ ಹೊತ್ತು ಅಲ್ಲಿಂದ ನಡೆದು ಬರುತ್ತಿದ್ದಳು. ಹಾಗೆ ಬಂದ ನೀರು ನಮ್ಮ ಮನೆಯಲ್ಲಿ ಒಂದೇ ಕೆಲಸ ಮಾಡಿ ಸುಮ್ಮನಾಗುವಂತಿರಲಿಲ್ಲ. ಬೇಳೆ ತೊಳೆದ ನೀರು ಪಾತ್ರೆಗೆ, ಪಾತ್ರೆ ತೊಳೆದ ನೀರು ಎಮ್ಮೆಯ ಕಲಗಚ್ಚಿಗೆ. ಮನೆ ದೊಡ್ಡದೇ. ತಲೆಬಾಗಿಲು ದಾಟಿದರೆ ಎಡಕ್ಕೆ ದನ ಕಟ್ಟುವ ಜಾಗ, ಎರಡು ಮೆಟ್ಟಿಲು ಏರಿದರೆ ಪಡಸಾಲೆ, ಅಲ್ಲಿ ಅಪ್ಪ ಕೊಂಡು ಮಾರುವ ಹತ್ತಿಯ ಅಂಡಿಗೆಗಳು, ಶೇಂಗಾದ ಚೀಲಗಳು. ಒಳಗೆ ಅಡುಗೆಮನೆ, ದೇವರ ಜಗುಲಿ, ಮೂಲೆಯಲ್ಲಿ ಬಚ್ಚಲು. ಮಣ್ಣಿನ ಮಾಳಿಗೆಯ ಬೆಳಕಿಂಡಿಯಿಂದ ಬಿಸಿಲಿನ ಕೋಲೊಂದು ಇಳಿದು ಮಧ್ಯಾಹ್ನದ ಹೊತ್ತಿಗೆ ಜಗುಲಿಯಿಂದ ಬಚ್ಚಲಿನತನಕ ಸರಿಯುತ್ತಿತ್ತು. ಆ ಬಚ್ಚಲೇ ನನ್ನ ಬಾಲ್ಯದ ಒಂದು ವರ್ಷವನ್ನು ನುಂಗಿತು. ಅದನ್ನು ಮರಳಿ ಕಿತ್ತುಕೊಂಡದ್ದು ಹೇಗೆಂಬುದನ್ನು ನಾನು ಇಲ್ಲಿ ಹೇಳಬೇಕು.

ನಾನು ಹಿರಿಯವಳು, ಆಗ ಹನ್ನೊಂದರ ಹುಡುಗಿ. ಮಠದ ಶಾಲೆಗೆ ಹೋಗುತ್ತಿದ್ದೆ. ಮಗ್ಗಿ ಹೇಳುವುದರಲ್ಲಿ, ಹುಣಸೆಮರ ಹತ್ತುವುದರಲ್ಲಿ ಯಾರಿಗೂ ಸೋಲುತ್ತಿರಲಿಲ್ಲ. ನನ್ನ ಬೆನ್ನಿಗೆ ಹುಟ್ಟಿದ ಎರಡು ಕೂಸುಗಳು ಉಳಿದಿರಲಿಲ್ಲ. ಆಮೇಲೆ ಬಹಳ ದಿನಕ್ಕೆ ತಮ್ಮ ಮಲ್ಲು ಹುಟ್ಟಿದ. ಅವನು ಹುಟ್ಟಿದ್ದು ಊರಿನಲ್ಲಿ ವಾಂತಿಭೇದಿ ಎದ್ದ ಮಳೆಗಾಲದಲ್ಲಿ. ನಮ್ಮ ಓಣಿಯಲ್ಲೇ ಮುಂಜಾನೆ ಮಾತಾಡಿಸಿದವರು ಸಂಜೆಗೆ ಇರುತ್ತಿರಲಿಲ್ಲ. ಬಾಣಂತಿಕೋಣೆಯ ಹೊಸ್ತಿಲಲ್ಲಿ ನಾನು ಕೂಸನ್ನು ಎತ್ತಿಕೊಳ್ಳಲು ಕೈ ಚಾಚಿದಾಗ ಅವ್ವ ಹೇಳಿದಳು.

"ನೀಲಾ, ಕೈ ತೊಳಕೊಳ್ಳಾರದ ಕೂಸಿನ್ನ ಮುಟ್ಟಬ್ಯಾಡ ನೋಡವ್ವ. ಈಟ ಹೊಲಸು ಹೋದ್ರೂ ಕೂಸು ಉಳಿಯಂಗಿಲ್ಲ."

ಅದು ತಪ್ಪು ಮಾತಲ್ಲ. ಯಾವ ತಾಯಿಯಾದರೂ ಆ ಹೊತ್ತಿನಲ್ಲಿ ಅದನ್ನೇ ಹೇಳುತ್ತಾಳೆ. ಬೇರೆ ಹುಡುಗಿಯಾಗಿದ್ದರೆ ಕೈ ತೊಳೆದುಕೊಂಡು ತಮ್ಮನನ್ನು ಎತ್ತಿಕೊಂಡು ಮಾತನ್ನು ಮರೆಯುತ್ತಿದ್ದಳು. ನನ್ನ ತಲೆಯೊಳಗೆ ಮಾತ್ರ ಅದು ನಿಲ್ಲಲಿಲ್ಲ, ಗಾಣದ ಎತ್ತಿನಂತೆ ಸುತ್ತತೊಡಗಿತು. ಕೈ ತೊಳೆದು ಬಚ್ಚಲಿನಿಂದ ಹೊರಗೆ ಬಂದರೆ ಲಂಗದ ಅಂಚು ತಗುಲಿತೇನೋ ಎನಿಸುವುದು. ಮತ್ತೆ ತೊಳೆಯುವುದು. ಬಾಗಿಲ ಚೌಕಟ್ಟು ಮುಟ್ಟಿದೆನೇನೋ ಎನಿಸುವುದು, ಮತ್ತೆ ಬಚ್ಚಲು. ಮುಟ್ಟಿಲ್ಲವೆಂದು ನನಗೇ ಗೊತ್ತಿರುತ್ತಿತ್ತು. ಗೊತ್ತಿದ್ದೂ ನಂಬಿಕೆ ಬರುತ್ತಿರಲಿಲ್ಲ. ನನ್ನ ಕೈಯಿಂದಲೇ ಮಲ್ಲು ಸಾಯುತ್ತಾನೆ ಎಂಬ ಚಿತ್ರ ಕಣ್ಣ ಮುಂದೆ ಬಂದು ನಿಲ್ಲುತ್ತಿತ್ತು. ಅವನನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ಒಯ್ಯುತ್ತಿರುವ ಚಿತ್ರ. ನೀರು ಸುರಿದುಕೊಂಡರೆ ಅದು ಮಾಯವಾಗುತ್ತಿತ್ತು, ನೀರು ಆರುವ ಮುಂಚೆ ಮತ್ತೆ ಬರುತ್ತಿತ್ತು. ಈ ಮಾತನ್ನು ನಾನು ಯಾರಿಗೂ ಹೇಳಲಿಲ್ಲ. ಹೇಳಿದರೆ ನಿಜವಾದೀತೆಂಬ ಭಯ.

ಮೊದಮೊದಲು ನನಗೆ ಸಿಕ್ಕಿದ್ದು ಹೊಗಳಿಕೆ. ಅಪ್ಪನ ತಾಯಿ, ನಮ್ಮ ಆಯಿ, ಸ್ನಾನ ಮಾಡದೆ ಒಲೆಯ ಹತ್ತಿರ ಯಾರನ್ನೂ ಬಿಟ್ಟುಕೊಳ್ಳದವಳು. ಅವಳು ಬಂದವರಿಗೆಲ್ಲ ನನ್ನನ್ನು ತೋರಿಸಿ ಹೇಳುತ್ತಿದ್ದಳು.

"ನೋಡ್ರಿ ನಮ್ಮ ನೀಲಾನ್ನ. ಈ ವಯಸ್ಸಿನಾಗ ಎಷ್ಟು ಸ್ವಚ್ಛ! ಇಕಿನ್ನ ಸೊಸಿ ಮಾಡಿಕೊಳ್ಳೋರು ಪುಣ್ಯಾ ಮಾಡಿರಬೇಕು."

ಚಳಿಗಾಲದ ಹೊತ್ತಿಗೆ ಹೊಗಳಿಕೆ ನಿಂತಿತು. ಸೀಗೆಪುಡಿ, ಬೂದಿ, ಕಡೆಗೆ ಹಂಚಿನ ಚೂರು ಹಾಕಿ ತಿಕ್ಕಿ ತಿಕ್ಕಿ ನನ್ನ ಅಂಗೈ ಎರೆಹೊಲದಂತೆ ಬಿರುಕು ಬಿಟ್ಟಿತು. ರೊಟ್ಟಿ ಮುರಿದರೆ ರಕ್ತ ಜಿನುಗುತ್ತಿತ್ತು, ಆದ್ದರಿಂದ ಅವ್ವ ಉಣಿಸತೊಡಗಿದಳು. ಶಾಲೆಯ ಪಾಟಿಯನ್ನು ಎಷ್ಟು ಕೈಗಳು ಮುಟ್ಟಿವೆಯೋ ಎಂದು ಶಾಲೆ ಬಿಟ್ಟೆ. ತೊಳೆದರೂ ಸಾಲದೆ, ತೊಳೆದದ್ದಕ್ಕೆ ಸಾಕ್ಷಿ ಬೇಕಾಗತೊಡಗಿತು.

"ಅವ್ವಾ, ನಾ ತೊಳಕೊಂಡಿದ್ದು ನೋಡಿದಿಲ್ಲೋ?"

"ನೋಡಿದೆ."

"ಮೊಳಕೈತನಕ ತೊಳಕೊಂಡೆ, ಹೌದಿಲ್ಲೋ?"

"ಹೌದವ್ವ. ಛಲೋತ್ನಾಗ ತೊಳಕೊಂಡಿ."

ಆ ಉತ್ತರದ ತಂಪು ಹೊಸ್ತಿಲು ದಾಟುವತನಕ ಇರುತ್ತಿತ್ತು. ಆಮೇಲೆ ಮತ್ತೆ ಕೇಳುತ್ತಿದ್ದೆ. ಅವ್ವ ರೊಟ್ಟಿ ಬಡಿಯುತ್ತ, ಕೂಸಿಗೆ ಹಾಲು ಕುಡಿಸುತ್ತ, ಲಿಂಗಪೂಜೆಗೆ ಹೂವು ಬಿಡಿಸುತ್ತ ಅದೇ ಉತ್ತರವನ್ನು ಹೇಳಿ ಹೇಳಿ ಹೈರಾಣಾದಳು. ಇಷ್ಟೆಲ್ಲ ಯಾರಿಗಾಗಿ ನಡೆದಿತ್ತೋ ಆ ತಮ್ಮನನ್ನೇ ನಾನು ಮುಟ್ಟುವುದನ್ನು ಬಿಟ್ಟಿದ್ದೆ. ಅವನು ಕೂಡಲು ಕಲಿತ, ಅಂಬೆಗಾಲಿಡಲು ಕಲಿತ. ನನ್ನನ್ನು ಕಂಡರೆ ಎರಡೂ ಕೈ ಎತ್ತಿ ಕುಣಿಯುತ್ತಿದ್ದ. ನಾನು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಗೋಡೆಗೆ ಅಂಟಿ ನಿಲ್ಲುತ್ತಿದ್ದೆ. ಅಪ್ಪ ನನ್ನನ್ನು ಸರ್ಕಾರಿ ದವಾಖಾನೆಗೆ ಕರೆದೊಯ್ದ. ಅಲ್ಲಿನ ವಯಸ್ಸಾದ ಕಂಪೌಂಡರ್ ಸಾಹೇಬರು ಅಂಗೈಗೆ ಮುಲಾಮು ಹಚ್ಚಿ, ನನ್ನ ಮುಖವನ್ನು ಒಂದು ಕ್ಷಣ ನೋಡಿದರು.

"ಬೇಟಿ, ಕೈಗೆ ದವಾ ಕೊಡ್ತೀನಿ. ಆದ್ರ ನಿನ್ನ ಬ್ಯಾನಿ ಕೈಯಾಗಿಲ್ಲ ಅನಸ್ತದ. ಅದಕ್ಕ ನಮ್ಮ ಹತ್ರ ದವಾ ಇಲ್ಲ."

ಬೇಸಿಗೆ ಬಂತು. ಸಿಹಿನೀರಿನ ಬಾವಿಯ ತಳ ಕಂಡಿತು. ಒಂದು ದಿನ ಅಪ್ಪ ಬಿಸಿಲಲ್ಲಿ ಹತ್ತಿ ಬೆಳೆಗಾರರಿಬ್ಬರನ್ನು ಕರೆತಂದು ಪಡಸಾಲೆಯಲ್ಲಿ ಕೂರಿಸಿ ನೀರು ಕೇಳಿದ. ಅವ್ವ ಕಲ್ಲು ಸರಿಸಿ ತಟ್ಟೆ ತೆಗೆದರೆ ಕೊಡ ಬರಿದು. ಸೌಳುನೀರಿನಿಂದ ನನ್ನ ಕೈ ಸ್ವಚ್ಛವಾಗುವುದಿಲ್ಲವೆಂದು ಆ ದಿನ ನನಗೆ ಅನ್ನಿಸಿತ್ತು. ನಮ್ಮ ಮನೆಗೆ ಬಂದವರು ನೀರು ಕುಡಿಯದೆ ಎದ್ದುಹೋದರು. ಅಪ್ಪ ನನಗೆ ಬೈಯಲಿಲ್ಲ. ಶೇಂಗಾ ಚೀಲದ ಮೇಲೆ ಕುಳಿತು ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡ. ಬೈದಿದ್ದರೆ ಎಷ್ಟೋ ಚಲೋ ಇತ್ತು. ಆಯಿ ಅವನ ಹತ್ತಿರ ಬಂದು ಕುಳಿತಳು.

"ಇದು ಗಾಳಿ ಐತಿ ತಮ್ಮಾ. ಕುಷ್ಟಗಿ ಕಡೆ ಒಬ್ಬಾಂವ ಬರಿ ಹಾಕ್ತಾನಂತ. ಅಂಗೈಗೆ ಕಾದ ಕಬ್ಬಿಣ ಇಟ್ರ ಮತ್ತ ನೀರಿನ ಕಡೆ ಹೊಳ್ಳಿ ನೋಡಂಗಿಲ್ಲ ಅಂತಾರ."

"ನೋಡೂಣು."

ಅಪ್ಪ ಒಲ್ಲೆ ಎನ್ನಲಿಲ್ಲ. ಹತ್ತಿಯ ಅಂಡಿಗೆಯ ಹಿಂದೆ ನಿಂತು ನಾನು ಅದನ್ನು ಕೇಳಿಸಿಕೊಂಡೆ. ಅವ್ವನೂ ಕೇಳಿಸಿಕೊಂಡಿದ್ದಳು. ಅತ್ತೆಯಾದ ಆಯಿಗೆ ಎದುರಾಡಿ ಅವಳಿಗೆ ರೂಢಿ ಇರಲಿಲ್ಲ. ಆದರೆ ಮರುದಿನ ಗಂಗಾವತಿಗೆ ಹೊರಟಿದ್ದ ನಮ್ಮ ಶೇಂಗಾ ಬಂಡಿಯವನ ಕೈಯಲ್ಲಿ ಅವಳು ಅಲ್ಲೇ ಹತ್ತಿರದ ಮರಳಿ ಎಂಬ ಊರಿನಲ್ಲಿದ್ದ ಅಪ್ಪನ ಅಕ್ಕ ಸಂಗವ್ವನಿಗೆ ಒಂದೇ ಮಾತು ಹೇಳಿ ಕಳಿಸಿದಳು: ಜರೂರು ಬರ್ರಿ.

ಸಂಗವ್ವತ್ತೆ ಅಕ್ಕಿಮೂಟೆಗಳ ಬಂಡಿಯಲ್ಲಿ ಬಂದಿಳಿದಳು. ಎತ್ತರದ, ಗಟ್ಟಿ ದನಿಯ ಹೆಂಗಸು. ಗಂಡ ತೀರಿಕೊಂಡ ಮೇಲೆ ಗದ್ದೆಯನ್ನು ತಾನೇ ಮಾಡಿಸಿಕೊಂಡು ಮಗನನ್ನು ಬೆಳೆಸಿದ್ದಳು. ಬಂದವಳು ಕಾಲಿಗೆ ನೀರು ಹಾಕಿಕೊಂಡು ನನ್ನ ಮುಂದೆ ಕುಳಿತು, ನನ್ನ ಅಂಗೈಗಳನ್ನು ಮುಟ್ಟದೆ, ಬಗ್ಗಿ ನೋಡಿದಳು. ಆಮೇಲೆ ಎದ್ದು ಪಡಸಾಲೆಗೆ, ಅಪ್ಪನ ಹತ್ತಿರ ಹೋದಳು; ನಾನೂ ಹಿಂದೆಯೇ ಹೋಗಿ ಬಾಗಿಲಲ್ಲಿ ನಿಂತೆ.

"ಈ ಅಂಗೈಗೆ ಬರಿ ಹಾಕಸ್ತೀಯೇನೋ ತಮ್ಮಾ? ಕಬ್ಬಿಣ ಇಟ್ರ ಕೈ ಸುಡತೈತಿ. ಅಂಜಿಕಿ ಸುಡತೈತೇನು?"

"ಮತ್ತೇನು ಮಾಡ್ಲಿ ಹೇಳಕ್ಕ? ಹಂಗಾದ್ರ ನೀನ ಕರಕೊಂಡು ಹೋಗು. ನಿಮ್ಮಲ್ಲಿ ಕಾಲುವಿ ಐತಿ. ಎಷ್ಟರ ತೊಳಕೊಳ್ಳಿ."

ಕಾಲುವೆ! ನನ್ನ ಎದೆ ಜಿಗಿಯಿತು. ಎಂದೂ ಮುಗಿಯದ ನೀರು, ಯಾರೂ ಬೈಯದ ನೀರು. ಅತ್ತೆ ತಿರುಗಿ ನನ್ನ ಮುಖ ನೋಡಿದಳು.

"ನೋಡಿದೇನು ಹುಡುಗಿ ಮುಖಾನ? ಕಾಲುವಿ ಅಂದಕೂಡ್ಲೆ ಹೆಂಗ ಅರಳ್ತು. ಅಲ್ಲಿ ಒಯ್ದ್ರ ಇಕಿ ಕಾಲುವಿ ದಂಡಿ ಬಿಟ್ಟು ಏಳಂಗಿಲ್ಲ. ಬ್ಯಾಡ. ಇದು ಈ ಮನ್ಯಾಗ ಹುಟ್ಟೈತಿ, ಈ ಮನ್ಯಾಗ ಮುಗೀಬೇಕು. ನಾನ ಇಲ್ಲೆ ಇರ್ತೀನಿ. ಬರಿ ಮಾತು ಮಾತ್ರ ಯಾರೂ ಎತ್ತಬ್ಯಾಡ್ರಿ."

"ನಿನ್ನ ಗದ್ದಿ?"

"ಗದ್ದಿ ನೋಡಾಕ ಮಗ ಅದಾನ. ಇಕಿನ್ನ ನೋಡಾಕ ಯಾರದಾರ?"

ಆ ಕ್ಷಣಕ್ಕೆ ನಾನು ಅವಳನ್ನು ದ್ವೇಷಿಸಿದೆ. ಮರುದಿನ ಇನ್ನೂ ಹೆಚ್ಚು ದ್ವೇಷಿಸಿದೆ, ಏಕೆಂದರೆ ಅತ್ತೆ ಮೊದಲು ಮಾಡಿದ್ದು ಎಲ್ಲರೂ ಮಾಡುವಂಥದೇ ಕೆಲಸ. ಬಚ್ಚಲಿನ ಹಂಡೆ, ತಂಬಿಗೆಗಳನ್ನೆಲ್ಲ ಕೋಣೆಯಲ್ಲಿಟ್ಟು ಬೀಗ ಹಾಕಿದಳು. ನಾನು ಕಿರುಚಿದೆ, ಬಾಗಿಲು ಗುದ್ದಿದೆ, ಒಣಬೂದಿಯಲ್ಲೇ ಕೈ ತಿಕ್ಕಿ ರಕ್ತ ಬರಿಸಿಕೊಂಡೆ, ತಡೆಯಲು ಬಂದ ಅವಳ ಮಣಿಕಟ್ಟು ಕಚ್ಚಿದೆ. ಅತ್ತೆ ಕೈ ಎಳೆದುಕೊಳ್ಳಲಿಲ್ಲ. ಬೀಗ ತೆಗೆದು ತಂಬಿಗೆಯನ್ನು ತಾನೇ ತಂದು ಕೊಟ್ಟಳು. ನಾನು ತೊಳೆದು ಮುಗಿಸುವತನಕ ಬಚ್ಚಲಿನ ಕಟ್ಟೆಯ ಮೇಲೆ ಕುಳಿತಿದ್ದಳು.

"ತಪ್ಪಾತು ನನ್ನದು. ಕಸಗೊಂಡ್ರ ಆಗೂದಲ್ಲ ಇದು."

ದೊಡ್ಡವರೊಬ್ಬರು ನನ್ನ ಮುಂದೆ ತಪ್ಪಾಯಿತು ಎಂದದ್ದು ಅದೇ ಮೊದಲು. ಮರುದಿನ ಅವಳು ಎಮ್ಮೆ ಹಿಂಡುತ್ತಿದ್ದಾಗ ನಾನು ಮೆಟ್ಟಿಲ ಮೇಲೆ, ಏನನ್ನೂ ಮುಟ್ಟದಂತೆ ಮುದುಡಿಕೊಂಡು ಕುಳಿತಿದ್ದೆ. ಅತ್ತೆ ನನ್ನ ಕಡೆ ನೋಡದೆ, ಹಾಲಿನ ಧಾರೆಯ ಸದ್ದಿನ ನಡುವೆ ಹೇಳತೊಡಗಿದಳು. ಅವಳ ಗಂಡ ಗದ್ದೆಯ ಬದುವಿನ ಮೇಲೆ ಹಾವು ಕಡಿದು ಸತ್ತಿದ್ದ. ಆಮೇಲೆ ಅವಳಿಗೆ ಗದ್ದೆಗೆ ಕಾಲಿಡಲು ಆಗಲಿಲ್ಲ. ಮೊದಲು ಗದ್ದೆಯ ಭಯ, ಆಮೇಲೆ ಗದ್ದೆಗೆ ಹೋಗುವ ದಾರಿಯ ಭಯ, ಕಡೆಗೆ ಹಿತ್ತಲ ಬಾಗಿಲು ತೆಗೆಯಲೂ ಭಯ.

"ಹೋಗೂದು ಬಿಟ್ಟಷ್ಟೂ ಅಂಜಿಕಿ ಬೆಳೀತು ನೀಲಾ. ಒಂದಿನ ಮಗಾ ಹಸ್ತು ಅತ್ತಾಗ ಬ್ಯಾರೆ ದಾರಿ ಕಾಣಲಿಲ್ಲ. ಹೋಗಿ ಬದುವಿನ ಮ್ಯಾಲ ಕುಂತೆ. ಎದಿ ಹೆಂಗ ಬಡಕೊಂತಿತ್ತಂದ್ರ ಸತ್ತೇ ಹೋಗ್ತೀನಿ ಅನಸ್ತು. ಆದ್ರ ಓಡಲಿಲ್ಲ, ಕುಂತೇ ಕುಂತೆ. ಕುಂತು ಕುಂತು ಅಂಜಿಕಿಗೇ ಸಾಕಾತವ್ವ. ನನಗ ಸಾಕಾಗೂಕಿಂತ ಮೊದ್ಲ ಅದಕ್ಕ ಸಾಕಾತು."

ನಾನು ಅಂದೇ, ಆ ಮೆಟ್ಟಿಲ ಮೇಲೆ, ಬಿಳಿ ಬಟ್ಟೆಯ ಚಿತ್ರವನ್ನು ಅವಳಿಗೆ ಹೇಳಿಬಿಟ್ಟೆ. ಅತ್ತೆ ಅಯ್ಯೋ ಎನ್ನಲಿಲ್ಲ, ಹುಚ್ಚಿ ಎನ್ನಲೂ ಇಲ್ಲ. ಹಾಲಿನ ಚರಿಗೆಯನ್ನು ಪಕ್ಕಕ್ಕಿಟ್ಟು ಹೇಳಿದಳು.

"ಅದು ನಿನ್ನ ಅಂಜಿಕಿ ಬರಿಯೂ ಚಿತ್ರ. ಬರೀಲಿ ಬಿಡು. ನಾ ನಿನ್ನ ಕೈ ಹಿಡಿಯಂಗಿಲ್ಲ, ನೀರು ಕಸಗೊಳ್ಳಂಗಿಲ್ಲ. ತಂಬಗಿ ನಿನ್ನ ಮುಂದ ಇರತೈತಿ. ಏನು ಮುಟ್ಟಬೇಕು ಅನ್ನೂದು ನೀನ ಆರಿಸು, ಭಾಳ ಸಣ್ಣದು ಆರಿಸು. ಮುಟ್ಟಿದ ಮ್ಯಾಲ ಇಬ್ರೂ ಕುಂದ್ರೂಣು. ಅದಕ್ಕ ಸಾಕಾಗೂತನಕ."

ನಾನು ಆರಿಸಿದ್ದು ತಲೆಬಾಗಿಲಿನ ಸರಪಳಿ. ಮಧ್ಯಾಹ್ನ ಎಲ್ಲರೂ ಅಡ್ಡಾದ ಹೊತ್ತಿನಲ್ಲಿ ಎಡಗೈಯ ಕಿರುಬೆರಳಿನ ತುದಿಯಿಂದ ಅದನ್ನು ಮುಟ್ಟಿದೆ. ಬಂದು ಮೆಟ್ಟಿಲ ಮೇಲೆ ಅತ್ತೆಯ ಪಕ್ಕ ಕುಳಿತೆ. ಮುಂದೆ ತುಂಬಿದ ತಂಬಿಗೆ. ಬೆರಳಿನ ತುದಿಯಿಂದ ಏನೋ ಮೇಲಕ್ಕೆ ಹರಿದು ಮಣಿಕಟ್ಟಿಗೆ, ಮೊಳಕೈಗೆ, ಗಂಟಲಿಗೆ ಬಂತು. ಬೆವರಿದೆ. ಒಳಗಿನಿಂದ ಮಲ್ಲು ಕೆಮ್ಮಿದ ಸದ್ದು ಕೇಳಿದಾಗ ನಾನು ತಂಬಿಗೆಗೆ ಕೈ ಹಾಕಿದ್ದೆ. ಅತ್ತೆ ತಡೆಯಲಿಲ್ಲ. ಅವಳ ಕಚ್ಚಿದ ಮಣಿಕಟ್ಟಿನ ಮೇಲೆ ನನ್ನ ಹಲ್ಲಿನ ಗುರುತು ಕಪ್ಪಾಗಿ ಕೂತಿದ್ದುದು ಕಣ್ಣಿಗೆ ಬಿತ್ತು. ಕೈ ಹಿಂದಕ್ಕೆ ತೆಗೆದುಕೊಂಡೆ. ಎಮ್ಮೆ ಮೆಲುಕು ಹಾಕುತ್ತಿತ್ತು. ಬೆಳಕಿಂಡಿಯ ಬಿಸಿಲು ಸರಿಯುತ್ತಿತ್ತು. ಎಷ್ಟು ಹೊತ್ತು ಹೋಯಿತೋ, ಇದ್ದಕ್ಕಿದ್ದಂತೆ ನನಗೆ ಒಂದು ಸಂಗತಿ ತಿಳಿಯಿತು. ನಾನು ಬೆರಳನ್ನು ಮರೆತಿದ್ದೆ. ನನಗೆ ಹಸಿವಾಗಿತ್ತು.

"ಅತ್ತಿ, ಹಸಿವ್ಯಾಗೈತಿ."

ಅತ್ತೆ ಎಷ್ಟು ದೊಡ್ಡದಾಗಿ ನಕ್ಕಳೆಂದರೆ ಮಲಗಿದ್ದ ಆಯಿ ಎದ್ದು ಕುಳಿತಳು. ಬಿಸಿರೊಟ್ಟಿ, ಬೆಣ್ಣೆ, ಶೇಂಗಾ ಚಟ್ನಿ. ತಿಂಗಳುಗಳ ಮೇಲೆ ಅಂದು ನಾನು ನನ್ನ ಬಲಗೈಯಿಂದ ರೊಟ್ಟಿ ಮುರಿದು ಉಂಡೆ. ಎಡಗೈ ತೊಡೆಯ ಮೇಲೆ ಹಾಗೇ ಇತ್ತು, ನೀರು ಮುಟ್ಟದೆ. ಯುದ್ಧ ಗೆದ್ದ ರಾಣಿಯರ ಕಥೆಗಳನ್ನು ಎಷ್ಟೋ ಕೇಳಿದ್ದೇನೆ. ಆ ದಿನದ ನನ್ನ ಕಿರುಬೆರಳಿನ ಮುಂದೆ ಅವರ ಕಿರೀಟಗಳು ನನಗೆ ದೊಡ್ಡವಾಗಿ ಕಂಡಿಲ್ಲ.

ಅಲ್ಲಿಂದ ದಿನಾ ಮಧ್ಯಾಹ್ನ ನಾವಿಬ್ಬರೂ ಕುಳಿತೆವು. ಸರಪಳಿಯಿಂದ ಚೌಕಟ್ಟಿಗೆ, ಚೌಕಟ್ಟಿನಿಂದ ಸಗಣಿ ಮೆತ್ತಿದ ಎಮ್ಮೆಯ ಹಗ್ಗಕ್ಕೆ. ಒಂದನ್ನು ಗೆದ್ದರೆ ಮುಂದಿನದು ತಾನೇ ಕುಗ್ಗಿರುತ್ತಿತ್ತು. ಆದರೆ ನಡುವೆ ಸೋತ ದಿನಗಳೂ ಇದ್ದವು. ಎಲ್ಲಕ್ಕಿಂತ ಕಠಿಣ ಕೆಲಸ ಅವ್ವನ ಪಾಲಿಗೆ ಬಂತು. ನಾನು ಸಾಕ್ಷಿ ಕೇಳಿದರೆ ಹೌದೆನ್ನಬಾರದೆಂದು ಅತ್ತೆ ಅವಳಿಗೆ ಹೇಳಿದ್ದಳು.

"ಅವ್ವಾ, ನಾ ತೊಳಕೊಂಡೆನಿಲ್ಲೋ?"

"ಗೊತ್ತಿಲ್ಲ ಮಗಳ."

"ನೋಡಿದಿಲ್ಲೋ? ಒಂದ ಸಲ ಹೇಳವ್ವಾ. ಒಂದ ಸಲ."

"ನಾ ಹೇಳಂಗಿಲ್ಲವ್ವ. ನನ್ನ ಬಾಯಿ ಕಟ್ಟೈತಿ ನಿನ್ನ ಸಲುವಾಗಿ."

ಹೇಳಿ ಅವಳು ಒಲೆಯ ಕಡೆ ಮುಖ ತಿರುಗಿಸಿ ಅಳುತ್ತಿದ್ದಳು. ಆಯಿಗೆ ಇದನ್ನು ನೋಡಲಾಗಲಿಲ್ಲ. ಒಂದು ದಿನ ನಾನು ಕುಳಿತು ನಡುಗುತ್ತಿದ್ದಾಗ, ಅತ್ತೆ ಹಿತ್ತಲಿಗೆ ಹೋದದ್ದನ್ನು ನೋಡಿ, ಆಯಿ ಸೆರಗಿನಲ್ಲಿ ಮುಚ್ಚಿಕೊಂಡು ತಂದ ಬಿಸಿನೀರನ್ನು ನನ್ನ ಕೈಗೆ ಸುರಿದಳು. ತೊಳಕೋ ನನ್ನ ಬಂಗಾರಾ ಎಂದಳು. ಪ್ರೀತಿಯಿಂದಲೇ ಸುರಿದಳು. ಮರುದಿನ ನನ್ನ ಭಯ ಎರಡರಷ್ಟಾಗಿತ್ತು, ಮುಟ್ಟಿ ಗೆದ್ದಿದ್ದ ಹಗ್ಗವನ್ನು ನೋಡಲೂ ಆಗಲಿಲ್ಲ. ಅತ್ತೆಗೆ ಗೊತ್ತಾಗಿ ತಾಯಿ ಮಗಳಿಗೆ ದೊಡ್ಡ ಜಗಳವಾಯಿತು.

"ನಾ ಕಟ್ಟತೀನಿ, ನೀ ಕೆಡವತೀಯಲ್ಲಬೇ!"

"ಸಗಣಿ ಕೈಲೆ ಹುಡುಗಿನ್ನ ಕುಂದ್ರಿಸಿ ಅಳಿಸ್ತೀ. ಇದೇನು ಆಚಾರ, ಇದೇನು ದವಾ? ಕುಂದ್ರೂದು ಯಾವ ದೊಡ್ಡ ಮಾತು?"

"ಹೌದೇನು? ಹಂಗಾದ್ರ ನೀನೂ ಬಂದು ಕುಂದ್ರು."

ಆಯಿ ಹಠದವಳು. ಬಂದೇ ಬಂದಳು. ಲಿಂಗಪೂಜೆಗೆ ಮಡಿಯುಟ್ಟು ಕೂರುವ ನಮ್ಮ ಆಯಿ, ಎಮ್ಮೆಯ ಕಾಲಡಿಯ ಸಗಣಿಗೆ ಅಂಗೈ ಒತ್ತಿ, ನನ್ನ ಪಕ್ಕದ ಮೆಟ್ಟಿಲ ಮೇಲೆ ಕುಳಿತಳು. ಸ್ವಲ್ಪ ಹೊತ್ತಿಗೆ ಮೂಗು ಕೆರೆಯಿತು. ಕೈ ಎತ್ತಿದಳು, ಇಳಿಸಿದಳು. ಸೆರಗು ಜಾರಿತು, ಸರಿಮಾಡಿಕೊಳ್ಳುವಂತಿಲ್ಲ. ಅತ್ತಿತ್ತ ನೋಡಿದಳು, ಬಚ್ಚಲ ಕಡೆ ನೋಡಿದಳು, ಗೊಣಗಿದಳು. ನಾನು ನನ್ನ ಭಯ ಮರೆತು ಅವಳನ್ನೇ ನೋಡುತ್ತಿದ್ದೆ. ಕಡೆಗೆ ಅವಳು ಧಡಕ್ಕನೆ ಎದ್ದು ಬಚ್ಚಲಿಗೆ ಓಡಿದಳು. ನಾನು ಓಡಲಿಲ್ಲ. ಕೈ ಒರೆಸಿಕೊಳ್ಳುತ್ತ ಹಿಂತಿರುಗಿದ ಆಯಿಯ ಮುಖದಲ್ಲಿ ಅಲ್ಲಿಯವರೆಗೆ ನಾನು ಕಾಣದಿದ್ದ ಒಂದು ಭಾವ ಇತ್ತು.

"ನೀ ದಿನಾ ಹಿಂಗ ಕುಂದ್ರತೀಯೇನಬೇ ನೀಲಾ? ನನಗ ಬರೇ ಅಸಹ್ಯ ಆತು, ನಿನಗ ಜೀವದ ಅಂಜಿಕಿ. ಆದ್ರೂ ಕುಂದ್ರತೀ?"

"ಹೂಂ ಆಯಿ."

"ಗಟ್ಟಿಗಿತ್ತಿ ಅದಿ ನೀನು."

ಅಂದಿನಿಂದ ಆಯಿ ನನ್ನ ಕಡೆಯವಳಾದಳು. ನಾನು ಕುಳಿತ ಹೊತ್ತಿನಲ್ಲಿ ಯಾರೂ ಗದ್ದಲ ಮಾಡದಂತೆ ಪಡಸಾಲೆಯಲ್ಲಿ ಕಾವಲು ಕೂರುತ್ತಿದ್ದಳು. ನಿಮ್ಮ ಹುಡುಗಿನ್ನ ಗಾಳಿ ಬಿಟ್ಟಿತೇನ್ರಿ ಎಂದು ಕೇಳಿದ ಓಣಿಯವರಿಗೆ, ಗಾಳಿಯಲ್ಲ ಎಂಥದೂ ಅಲ್ಲ, ಅಂಜಿಕೆ, ಅದನ್ನು ನನ್ನ ಮೊಮ್ಮಗಳು ಕುಂತಲ್ಲೇ ಸೋಲಿಸುತ್ತಿದ್ದಾಳೆ ಎಂದು ದಬಾಯಿಸುತ್ತಿದ್ದಳು. ಎಷ್ಟೋ ವರ್ಷಗಳ ಮೇಲೆ, ನನಗೂ ಮೊಮ್ಮಕ್ಕಳಾದ ಕಾಲದಲ್ಲಿ, ಮಕ್ಕಳ ಮನಸ್ಸಿನ ಕಾಯಿಲೆಗಳನ್ನು ನೋಡುವ ಡಾಕ್ಟರೊಬ್ಬರಿಗೆ ಇದನ್ನೆಲ್ಲ ಹೇಳಿದೆ. ಅವರು ಅದಕ್ಕೆ ಗೀಳಿನ ಕಾಯಿಲೆ ಎಂದು ಹೆಸರು ಹೇಳಿದರು. ಆ ವಯಸ್ಸಿನಲ್ಲಿ ಮಿದುಳು ಇನ್ನೂ ಬೆಳೆಯುತ್ತಿರುತ್ತದೆ, ಮತ್ತೆ ಮತ್ತೆ ತುಳಿದ ದಾರಿಯೇ ಅಲ್ಲಿ ಹೆದ್ದಾರಿಯಾಗುತ್ತದೆ. ತೊಳೆದಾಗಲೆಲ್ಲ ನೀವು ಭಯದ ದಾರಿ ತುಳಿದಿರಿ, ತೊಳೆಯದೆ ಕುಳಿತಾಗಲೆಲ್ಲ ಇನ್ನೊಂದು ದಾರಿ ಬಿದ್ದಿತು ಎಂದರು. ಈಗ ನಾವೂ ಹೆಚ್ಚುಕಡಿಮೆ ಹೀಗೇ ಮಾಡಿಸುತ್ತೇವೆ ಎಂದೂ ಹೇಳಿದರು. ಆ ಕಾಯಿಲೆ ನನ್ನನ್ನು ಪೂರ್ತಿ ಬಿಟ್ಟುಹೋಯಿತೆಂದು ನಾನು ಹೇಳಲಾರೆ. ನನ್ನ ಮೊದಲ ಬಾಣಂತನದಲ್ಲಿ ಒಮ್ಮೆ ಬಂದು ಬಾಗಿಲು ತಟ್ಟಿತು. ಆದರೆ ಆಗ ನನಗೆ ಕೂರುವುದು ಗೊತ್ತಿತ್ತು.

ಮಳೆ ಬಂತು, ಬಾವಿ ತುಂಬಿತು, ನಾನು ಮತ್ತೆ ಮಠದ ಶಾಲೆಗೆ ಹೋದೆ. ಅಂಗೈಯ ಬಿರುಕುಗಳು ಕೂಡಿಕೊಂಡವು. ಮುಟ್ಟದೆ ಉಳಿದದ್ದು ಒಂದೇ: ಮಲ್ಲು. ಅವನು ಆಗಲೇ ತಪ್ಪುಹೆಜ್ಜೆ ಇಡುತ್ತಿದ್ದ. ಅವನನ್ನು ಮುಟ್ಟೆಂದು ಅತ್ತೆ ನನಗೆ ಒಮ್ಮೆಯೂ ಹೇಳಲಿಲ್ಲ. ನಾನೇ ಕೇಳಿದಾಗ, ಅದು ನಾನು ಹೇಳುವುದಲ್ಲ, ನಿನ್ನ ಕೈಯೇ ಹೇಳುತ್ತದೆ ಎಂದಿದ್ದಳು.

ಎಳ್ಳಮಾವಾಸ್ಯೆ ಬಂತು. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಕಡುಬು, ಎಣ್ಣೆಗಾಯಿ, ಪುಂಡಿಪಲ್ಯ, ಮೊಸರನ್ನದ ಬುಟ್ಟಿಗಳನ್ನು ಬಂಡಿಯಲ್ಲಿಟ್ಟು ಮನೆಮಂದಿಯೆಲ್ಲ ನಮ್ಮ ಎರೆಹೊಲಕ್ಕೆ ಹೋದೆವು. ಬಿಳಿಜೋಳ ತಲೆಗಿಂತ ಎತ್ತರ ನಿಂತಿತ್ತು. ಹೊಲಕ್ಕೆ ಪೂಜೆಯಾದ ಮೇಲೆ ಅಡುಗೆಯ ಒಂದು ಪಾಲನ್ನು ಬೆಳೆಯ ಮೇಲೆ ಚೆಲ್ಲುತ್ತ ಹೊಲ ಸುತ್ತುವುದು ಪದ್ಧತಿ, ಚರಗ ಚೆಲ್ಲುವುದೆನ್ನುತ್ತೇವೆ. ಆ ವರ್ಷ ಅಪ್ಪ ಚರಗದ ಬುಟ್ಟಿಯನ್ನು ನನ್ನ ಕೈಗೆ ಕೊಟ್ಟ. ಅಪ್ಪ ಚರಗದ ಕೂಗು ಹಾಕುತ್ತ ಮುಂದೆ, ನಾನು ಹಿಡಿ ಹಿಡಿಯಾಗಿ ಚೆಲ್ಲುತ್ತ ಹಿಂದೆ. ಕಾಲು ಎಡವಿ ಬಿದ್ದೆ. ಎರಡೂ ಕೈ ಕಪ್ಪು ಮಣ್ಣಿನಲ್ಲಿ ಮುಳುಗಿದವು. ಎದ್ದೆ, ಲಂಗಕ್ಕೆ ಒರೆಸಿದೆ, ಮತ್ತೆ ಚೆಲ್ಲಿದೆ. ಬನ್ನಿಮರದ ಬುಡಕ್ಕೆ ಮರಳಿದಾಗ ಅವ್ವ, ಅತ್ತೆ, ಆಯಿ ಎಲೆ ಹಾಸುತ್ತಿದ್ದರು. ಮಲ್ಲು ತೊದಲು ಹೆಜ್ಜೆ ಇಡುತ್ತ ನನ್ನ ಕಡೆಯೇ ಬಂದು, ಎಂದಿನಂತೆ ಎರಡೂ ಕೈ ಎತ್ತಿದ. ನಾನು ಎಂದಿನಂತೆ ಕೈ ಹಿಂದೆ ಕಟ್ಟಿದೆ. ಹಿಂದೆ ಮರವಿತ್ತು, ಸರಿಯಲು ಜಾಗವಿರಲಿಲ್ಲ. ಅವನು ನನ್ನ ಲಂಗ ಹಿಡಿದು, ಮುಖ ಮೇಲೆತ್ತಿ, ಮೊದಲ ಸಲ ಕರೆದ.

"ಅಕ್ಕಾ."

ಬಿಳಿ ಬಟ್ಟೆಯ ಚಿತ್ರ ಬಂತು. ಬರಲಿ ಎಂದೆ. ಬಗ್ಗಿ ಅವನನ್ನು ಎತ್ತಿಕೊಂಡೆ. ಎಷ್ಟು ಭಾರವಿದ್ದ! ನಾನು ಬಿಟ್ಟಾಗ ಬೆಕ್ಕಿನ ಮರಿಯಷ್ಟಿದ್ದವನು. ಕುಳಿತು ತೊಡೆಯ ಮೇಲೆ ಕೂರಿಸಿಕೊಂಡು, ಮಣ್ಣಿನ ಗೆರೆಗಳಿದ್ದ ಅದೇ ಕೈಯಿಂದ ಮೊಸರನ್ನದ ತುತ್ತು ಮಾಡಿದೆ. ಅವನು ಬಾಯಿ ತೆರೆದ. ಉಣಿಸಿದೆ. ಅವ್ವ ಬಾಯಿಗೆ ಸೆರಗು ಒತ್ತಿಕೊಂಡು ನಿಂತಿದ್ದಳು. ಅಪ್ಪ ಜೋಳದ ಕಡೆ ಮುಖ ತಿರುಗಿಸಿ ಕಣ್ಣೊರೆಸಿಕೊಂಡ. ಆಯಿ ಮಾತ್ರ ತನ್ನ ಎಲೆಯನ್ನು ನನ್ನ ಮುಂದಕ್ಕೆ ನೂಕಿದಳು.

"ಅವಗಷ್ಟ ಹ್ಯಾಂಗ? ನನಗೂ ಹಾಕು. ಆ ಕೈಲೇ ಹಾಕು."

ಹಾಕಿದೆ. ಎಲ್ಲರಿಗೂ ಹಾಕಿದೆ. ಅತ್ತೆ ತನ್ನ ಪಾಲಿನ ಕಡುಬನ್ನು ಒಂದೇ ಬಾಯಿಗೆ ತುರುಕಿಕೊಂಡು, ಕೆನ್ನೆ ಉಬ್ಬಿಸಿಕೊಂಡೇ ನನಗೆ ಕಣ್ಣು ಹೊಡೆದಳು. ಬಂಡಿಯಲ್ಲಿ ಮರಳುವಾಗ ಮಲ್ಲು ನನ್ನ ತೊಡೆಯ ಮೇಲೆ ನಿದ್ದೆಹೋದ. ಭಯ ದಾರಿಯುದ್ದಕ್ಕೂ ನನ್ನ ಜೊತೆ ಬಂಡಿಯಲ್ಲಿತ್ತು, ಸುಳ್ಳು ಹೇಳಲಾರೆ. ನಾನು ಅವನ ಉಸಿರು ಕೇಳುತ್ತ ಸುಮ್ಮನೆ ಕುಳಿತೆ, ಕೂರುವುದರಲ್ಲಿ ಆ ಹೊತ್ತಿಗೆ ನನ್ನನ್ನು ಮೀರಿಸುವವರು ಆ ಸೀಮೆಯಲ್ಲಿ ಯಾರೂ ಇರಲಿಲ್ಲ.

ಬೆಳಗಾಯಿತು. ಕಣ್ಣು ಬಿಡುವ ಮುಂಚೆಯೇ ಕಿವಿಗೆ ಬಿದ್ದದ್ದು ಮಲ್ಲುವಿನ ಅಳು. ಹಸಿದ ಮಗುವಿನ, ಗಟ್ಟಿಮುಟ್ಟಾದ, ಓಣಿಯೆಲ್ಲ ಎಬ್ಬಿಸುವಂಥ ಅಳು. ಅಂಥ ಸೊಗಸಾದ ಸದ್ದನ್ನು ನಾನು ಆಮೇಲೆ ಯಾವ ಸಂಗೀತದಲ್ಲೂ ಕೇಳಿಲ್ಲ. ಒಳಗಿನಿಂದ ಆಯಿ ಗೊಣಗಿದಳು.

"ಏನ್ ಗಂಟಲಾ ಇದು! ಯಾರರ ಎತ್ತಿಕೊಳ್ರೇ ಅವನ್ನ."

"ನಾ ಎತ್ತಿಕೊಳ್ತೀನಿ," ಎಂದು ಕೂಗಿ, ಹಾಸಿಗೆಯಿಂದ ಎದ್ದವಳು ಎದ್ದ ಹಾಗೇ ತೊಟ್ಟಿಲಿಗೆ ಓಡಿದೆ.